ಕ್ಯಾಸೆಟ್ಟಿನ ಬಾಯಿಗೆ ಕುಂಕುಮ

"ಊದಬ್ಯಾಡ್ರಿ!"

ಆ ಕೂಗಿಗೆ ರೂಪಾಲಿಯ ಉಸಿರು ಗಂಟಲಲ್ಲೇ ನಿಂತಿತು. ತುಟಿಯ ಹತ್ತಿರ ಹಿಡಿದಿದ್ದ ಹಳೆಯ ವಿಡಿಯೋ ಗೇಮ್ ಕ್ಯಾಸೆಟ್ ಮರುಕ್ಷಣ ಅವಳ ಕೈಯಲ್ಲಿರಲಿಲ್ಲ. ರಿಪೇರಿ ಅಂಗಡಿಯ ಕೌಂಟರಿನ ಆಚೆ ನಿಂತ ಯುವಕ ಅದನ್ನು ಕಸಿದುಕೊಂಡಿದ್ದ!

ಅವನ ಬೆರಳು ತಾಗಿದ ಜಾಗ ಇನ್ನೂ ಬೆಚ್ಚಗಿತ್ತು... ಎಷ್ಟು ಧೈರ್ಯ ಇವನಿಗೆ!

"ಹಿಂಗ ಕಸಗೋತಾರೇನ್ರಿ? ಸಣ್ಣಾಕಿ ಇದ್ದಾಗಿಂದ ಊದೇ ಚಾಲೂ ಮಾಡೀನಿ."

"ಅದಕ್ಕ ಬಂದ್ ಬಿದ್ದದ್ರಿ. ಬಾಯಾಗಿನ ಹಸಿ ತಾಗಿ ಒಳಗಿನ ತಾಮ್ರದ ಹಲ್ಲು ಕಪ್ಪಾಗ್ತಾವ." ಅವನು ನಕ್ಕ. "ಸಿಟ್ಟಾಗಬ್ಯಾಡ್ರಿ. ನಾ ಯೋಗಿರಾಜ. ಹಳೇ ಗೇಮ್ ಕಂಡ್ರ ನನ್ನ ಕೈ ನನ್ನ ಮಾತ ಕೇಳೂದಿಲ್ಲ."

"ನಿಮ್ಮ ಕೈಗೆ ಸ್ವಲ್ಪ ಸಂಸ್ಕಾರ ಕಲಸ್ರಿ ಹಂಗಾರ!"

ಅವಳು ಆ ಅಂಗಡಿಯಿದ್ದ ನವಿ ಪೇಠ ಬಜಾರಿನ ಬಟ್ಟೆ ವ್ಯಾಪಾರಿ ಶಾಂತಪ್ಪನವರ ಮಗಳು. ಅವ್ವ ರತ್ನಾಬಾಯಿ ಹೋದ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಮಧ್ಯಾಹ್ನದ ಮುಸುರೆ ಮುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗಳ ಪಕ್ಕ ಕೂತು ಈ ಗೇಮ್ ಆಡುತ್ತಿದ್ದ ಅವ್ವ. ಸೋತಾಗ ಟಿವಿಗೇ ಬೈಯುತ್ತಿದ್ದ ಅವ್ವ. ಆ ಗೇಮಿನ ರಾಗ ಒಮ್ಮೆ ಕೇಳಿದರೆ ಸಾಕು, ಅವ್ವ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಂತಾದೀತು... ರೂಪಾಲಿಗೆ ಬೇಕಿದ್ದುದು ಅಷ್ಟೇ.

ಯೋಗಿರಾಜ ಸ್ಕ್ರೂ ಬಿಚ್ಚಿ ಕ್ಯಾಸೆಟ್ಟನ್ನು ಎರಡು ಹೋಳು ಮಾಡಿದ. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ, ತಾಮ್ರದ ಹಲ್ಲುಗಳ ಮೇಲೆ ಮೆಲ್ಲಗೆ ತಿಕ್ಕಿದ.

ಬಿಳಿ ಹತ್ತಿ ಕೆಂಪಾಯಿತು!

"ಶಿವಾ... ಕುಂಕಮ!" ಅವನಿಗೆ ನಗು ತಡೆಯಲಾಗಲಿಲ್ಲ. "ನಿಮ್ಮ ಉಸರ ಅಷ್ಟ ಅಲ್ರಿ, ಪೂಜಿ ಮಾಡಿ ಬಂದ್ ಬೀಳ್ಸ್ಯಾರ ಇದನ್ನ! ಇಂಥಾ ಶಾಣ್ಯಾರು ಯಾರದಾರ್ರಿ ನಿಮ್ಮ ಮನ್ಯಾಗ?"

ರೂಪಾಲಿಯ ಮುಖ ಬಿಳುಚಿತು.

ಪ್ರತಿ ಖಂಡೇನವಮಿಯ ಆಯುಧಪೂಜೆಗೆ ಅಪ್ಪನ ಗಜಕಡ್ಡಿ, ಕತ್ತರಿಗಳ ಸಾಲಿನಲ್ಲಿ ಅವ್ವ ಈ ಕ್ಯಾಸೆಟ್ಟನ್ನೂ ಇಡುತ್ತಿದ್ದಳು. ಹೊಸ್ತಿಲಿಗೆ ಹಚ್ಚುವಂತೆ ಅದರ ಬಾಯಿಗೂ ಹಸಿ ಅರಿಷಿಣ, ಕುಂಕುಮ. "ನನ್ನ ಮಗಳನ್ನ ನಗಸ್ತದ, ಇದಕ್ಯಾಕ ಪೂಜಿ ಬ್ಯಾಡ?" ಅನ್ನುತ್ತಿದ್ದಳು.

"ನಮ್ಮವ್ವ ಹಚ್ಚಿದ್ದು... ಆಕಿ ಈಗಿಲ್ರಿ."

ಯೋಗಿರಾಜನ ನಗು ಅಲ್ಲೇ ಸತ್ತಿತು. ಕೈಯಲ್ಲಿ ಕೆಂಪು ಹತ್ತಿ ಹಾಗೇ ಉಳಿಯಿತು.

"ಅವ್ವನ ಕೈಗುರ್ತ ಒರಸಿಬಿಟ್ರಲ್ರಿ ನೀವು!"

ಕ್ಯಾಸೆಟ್ಟನ್ನು ಅಲ್ಲೇ ಬಿಟ್ಟು ಅವಳು ಬೀದಿಗಿಳಿದಳು. ಹಿಂದಿನಿಂದ ಅವನು ಕೂಗಿದ್ದು ಕಿವಿಗೆ ಬಿತ್ತು... ಆದರೆ ಹೊರಳಿ ನೋಡಲಿಲ್ಲ.

ಆಮೇಲೆ, ಅಂಗಡಿಯ ಚೀಟಿಯಲ್ಲಿ ಬರೆಸಿದ್ದ ನಂಬರಿಗೆ ಅವನು ಮಾಡಿದ ಕರೆಗಳನ್ನೂ ಕತ್ತರಿಸಿದಳು. ಮನೆಯಲ್ಲಿ ಮನಸ್ಸು ನಿಲ್ಲದೆ ಅಕ್ಕಲಕೋಟದ ಅಜ್ಜಿ ಗುರಮ್ಮನ ಬಳಿ ಹೋಗಿ ಕೂತಳು.

*ಸರಿ ಮಾಡಿಸಲು ಹೋಗಿ ನಾನೇ ಅವ್ವನನ್ನು ಅಳಿಸಿಹಾಕಿದೆನಲ್ಲ...*

ಗುರುವಾರ ಮಧ್ಯಾಹ್ನ. ಗುರಮ್ಮ ಟಿವಿಯಲ್ಲಿ ಪ್ರವಚನ ಕೇಳುತ್ತ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಬಾಗಿಲಲ್ಲಿ ನೆರಳಾಡಿತು. ರೂಪಾಲಿ ತಲೆಯೆತ್ತಿದಳು.

ಯೋಗಿರಾಜ! ಇಲ್ಲಿ!

"ನಿಮ್ಮಪ್ಪಾಜಿ ಶಾಂತಪ್ಪ ಮಾಲಕರನ್ನ ಕೇಳಿ ಬಂದೀನ್ರಿ. ಫೋನ್ ಎತ್ತಲಿಲ್ಲ ನೀವು..."

"ಯಾಕ್ ಬಂದ್ರಿ? ಇನ್ನೇನ ಒರಸೂದದ?"

ಅವನು ಚೀಲದಿಂದ ಗೇಮಿನ ಯಂತ್ರ ತೆಗೆದು ನೇರವಾಗಿ ಟಿವಿಯ ಹಿಂದೆ ಬಗ್ಗಿದ.

"ಏ ತಮ್ಮಾ, ನನ್ನ ಪ್ರವಚನ ಬಂದ್ ಮಾಡಿ ಏನ ಹಚ್ಚಾಕತ್ತಿ?" ಗುರಮ್ಮ ಗದರಿದಳು.

"ಒಂದ ಗಳಿಗಿ, ಆಯಿ..."

ಪರದೆ ಕಪ್ಪಾಯಿತು. ಮಿನುಗಿತು. ಮತ್ತೆ ಕಪ್ಪಾಯಿತು.

ಮತ್ತು... ಆ ರಾಗ!

ರೂಪಾಲಿ ಕಲ್ಲಾದಳು. ಅವ್ವನ ಬಳೆಯ ಸದ್ದು, ಅವ್ವನ ಬೈಗುಳ, ಅವ್ವನ ನಗು, ಎಲ್ಲ ಒಟ್ಟಿಗೆ ಆ ಕೋಣೆಗೆ ನುಗ್ಗಿದವು. ಕಣ್ಣೀರು ತಾನಾಗಿ ಇಳಿಯಿತು.

"ಚಾಲೂ ಆಯ್ತು..." ಅವಳು ಕಣ್ಣೊರೆಸಿಕೊಂಡಳು. "ಆದ್ರ ಅವ್ವನ ಗುರ್ತ ಹೋತಲ್ರಿ."

"ಹೋಗಿಲ್ಲ."

ಅವನು ಯಂತ್ರ ಆರಿಸಿ, ಕ್ಯಾಸೆಟ್ ಬಿಚ್ಚಿ ಅವಳ ಅಂಗೈ ಮೇಲಿಟ್ಟ. ಪ್ಲಾಸ್ಟಿಕ್ಕಿನ ಒಳ ಅಂಚಿನಲ್ಲಿ ಕುಂಕುಮದ ಒಂದು ದುಂಡು ಗುರುತು. ಅದರಲ್ಲಿ ಬೆರಳಿನ ಸಣ್ಣ ಗೆರೆಗಳು... ಅವ್ವನ ಬೆರಳು!

"ಹಲ್ಲಷ್ಟ ತೊಳದೀನ್ರಿ. ಕರೆಂಟ್ ಹರಿಯೂದು ಅಲ್ಲಷ್ಟ. ಇದಕ್ಕ ಹತ್ತಿ ತಾಗಸಿಲ್ಲ. ಅವತ್ತ ಅದನ್ನ ಹೇಳಾಕ ಕೂಗಿದೆ, ನೀವು ನಿಲ್ಲಲಿಲ್ಲ."

ರೂಪಾಲಿ ಆ ಗುರುತಿನ ಮೇಲೆ ತನ್ನ ಬೆರಳು ತಂದು, ಮುಟ್ಟದೆ ಹಾಗೇ ಹಿಡಿದಳು.

"ನಕ್ಕದ್ದು ಮಾತ್ರ ನಂದ ತಪ್ಪು," ಎಂದ ಅವನು, ತಲೆ ತಗ್ಗಿಸಿ. "ಅವತ್ತಿಂದ ಊಟ ಸೇರವಲ್ದು. ಯಾವ ಗೇಮ್ ಬಿಚ್ಚಿದ್ರೂ ನಿಮ್ಮ ಮಾರೀನ ಕಾಣ್ತದ. ಗೇಮ್ ಕೊಡಾಕ ಅಷ್ಟ ಬಂದೀನಿ ಅಂದ್ರ ಸುಳ್ಳಾಗ್ತದ್ರಿ..."

"ಲಗ್ನ ಆಗ್ಯಾದೇನಪಾ ನಿಂದು?"

ಸೊಪ್ಪಿನಿಂದ ಕಣ್ಣೆತ್ತದೆಯೇ ಗುರಮ್ಮ ಕೇಳಿದ್ದಳು!

"ಆಯಿ!" ರೂಪಾಲಿ ಬೆಚ್ಚಿ ಚೀರಿದಳು.

"ಇ... ಇಲ್ರಿ," ಯೋಗಿರಾಜ ತೊದಲಿದ.

"ಹಂಗಾರ ಕೂಡು. ಚಾ ಇಡ್ತೀನಿ." ಅಜ್ಜಿ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ನಡೆದಳು.

ಕೋಣೆಯಲ್ಲಿ ಇಬ್ಬರೇ ಉಳಿದರು. ರೂಪಾಲಿ ಕ್ಯಾಸೆಟ್ಟಿನ ಎರಡು ಹೋಳು ಕೂಡಿಸುತ್ತ ಹೇಳಿದಳು.

"ಬರೂ ಖಂಡೇನವಮಿಗೆ ನಾ ಕುಂಕಮ ಹಚ್ಚಾಕಿ. ಅವ್ವ ಹಚ್ಚಿದಲ್ಲೇ, ಬಾಯಿಗೇ. ಮತ್ತ ಬಂದ್ ಬೀಳ್ತದ..."

"ಬೀಳಲಿ. ನೀವು ಹಚ್ಚರಿ, ನಾ ತೊಳಿತೀನಿ."

"ಪ್ರತಿ ವರ್ಷಾ ಹಚ್ತೀನಿ!"

"ಪ್ರತಿ ವರ್ಷಾ ತೊಳಿತೀನಿ."

ಅವಳು ಮೊದಲ ಸಲ ಅವನ ಕಣ್ಣಿಗೆ ಕಣ್ಣಿಟ್ಟಳು. "ಬ್ಯಾಸರಾದ್ರ?"

"ಆಗ ಒಮ್ಮಿ ಬೈರಿ, ರೂಪಾಲಿ... ನಿಮ್ಮವ್ವ ಟಿವಿಗೆ ಬೈತಿದ್ರಂತಲ್ಲ, ಹಂಗ."

"ಅದು ನಿಮಗ್ಯಾರ ಹೇಳಿದ್ರು!"

"ಮಾಲಕರು. ನಾ ಎದಕ್ಕ ಅಕ್ಕಲಕೋಟಕ್ಕ ಹೊಂಟೀನಿ ಅಂತ ಅವರಿಗೆ ಮೊದಲ ಹೇಳೇ ಬಂದೀನ್ರಿ."

ರೂಪಾಲಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಬೆರಳುಗಳ ಸಂದಿಯಿಂದ ನಗು ತಪ್ಪಿಸಿಕೊಂಡಿತು.

"ಏನಂದ್ರು ಅಪ್ಪಾಜಿ?"

"ನನ್ನ ಮಗಳ್ನ ಕೇಳು ಅಂದ್ರು."

"ಮತ್ತ... ಕೇಳ್ರಲ್ಲ."