ತಲೆ ಬಗ್ಗಿಸದ ಮೊಳಕೆಗಳು

“ಏನು ಮಾಡಿದ್ರಿ ನನ್ನ ಮೊಳಕೆಗಳಿಗೆ?”

ಲ್ಯಾಬಿನಲ್ಲಿ ಅವಳು ಕೂಗಿದ ರಭಸಕ್ಕೆ ಮೆಕ್ಯಾನಿಕ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ಬಿತ್ತು. ವಾರದ ಆರಂಭದಲ್ಲಿ, ಅವಳು ಮೊಳಕೆ ಬೆಳೆಸುತ್ತಿದ್ದ ಕತ್ತಲ ಕ್ಯಾಬಿನೆಟ್ಟಿನ ಕೂಲಿಂಗ್ ನೋಡಿಹೋಗಿದ್ದವನು ಅವನೇ.

ಒಳಗೆ ಮೊಳಕೆಗಳು ಕುಳ್ಳಗೆ, ದಪ್ಪಗೆ, ತಲೆ ಬಗ್ಗಿಸಿ ನಿಂತಿದ್ದವು. ಕತ್ತಲಲ್ಲಿ ಅವು ನೀಳವಾಗಿ ಬೆಳೆಯಬೇಕಿತ್ತು. ಈ ಸಲವೂ ಪ್ರಯೋಗ ಕೆಟ್ಟರೆ ಸಂಶೋಧನೆ ನಿಲ್ಲಿಸಿಬಿಡು ಎಂದು ಗೈಡ್ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು.

ಅಯ್ಯೋ... ಇವನನ್ನಾ ನಾನು ಕದ್ದು ಕದ್ದು ನೋಡ್ತಿದ್ದದ್ದು! ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

“ಕೂಲಿಂಗ್ ಸರಿಯಾಗೇ ಇದೆ ಮೇಡಂ...”

“ಮತ್ತೆ ಇವ್ಯಾಕೆ ಹೀಗಾದವು?”

ಅವನು ತಲೆ ಕೆರೆದುಕೊಂಡ. ಕೆಳಗಿನ ಹಲಗೆಯ ಮೂಲೆಯಿಂದ ಮೆಲ್ಲಗೆ ಒಂದು ಕವರ್ ಎಳೆದ. ಕಪ್ಪಿಟ್ಟ ಬಾಳೆಹಣ್ಣುಗಳು!

“ನೀವು ಮಧ್ಯಾಹ್ನ ಊಟಾನೇ ಮಾಡಲ್ವಲ್ಲ... ಬಾಗಿಲು ತೆಗೆದಾಗ ನಿಮ್ಮ ಕಣ್ಣಿಗೇ ಬೀಳುತ್ತೆ ಅಂತ ಅವತ್ತೇ ಇಟ್ಟೆ. ಕೈಗೆ ಕೊಡೋಕೆ ಧೈರ್ಯ ಬರ್ಲಿಲ್ಲ.”

“ಕರ್ಮ! ಮಾಗಿದ ಹಣ್ಣು ಒಂದು ಗ್ಯಾಸ್ ಬಿಡುತ್ತೆ ಕಣ್ರೀ. ಗಿಡಕ್ಕೆ ಅದೇ ಹಾರ್ಮೋನು! ಅದು ಸೋಕಿದ್ರೆ ಸಾಕು, ಒಳಗೆ ಸುಮ್ಮನಿದ್ದ ಜೀನ್‌ಗಳೆಲ್ಲ ಕೆಲಸ ಶುರು ಮಾಡ್ತವೆ. ಉದ್ದ ಆಗೋದು ಬಿಟ್ಟು ಹೀಗೆ ಮುದುರಿಕೊಳ್ತವೆ!”

ಕಣ್ಣೀರು ಒರೆಸಿಕೊಳ್ಳುತ್ತಲೇ ಮೊಳಕೆಯ ತಟ್ಟೆಗಳನ್ನು ಎಸೆಯಲು ಎತ್ತಿದವಳು, ಕೊನೆಯದನ್ನು ನೋಡಿ ಗಕ್ಕನೆ ನಿಂತಳು.

ಅದರಲ್ಲಿದ್ದವು ಮಾತ್ರ ನೀಳವಾಗಿ, ನೆಟ್ಟಗೆ ನಿಂತಿದ್ದವು! ಅವಳು ಒಂದು ಜೀನನ್ನು ಮಾತ್ರ ಕೆಲಸ ಮಾಡದಂತೆ ತಡೆದಿದ್ದ ಗಿಡಗಳವು. ಅದೇ ಗ್ಯಾಸ್ ಸೋಕಿದ್ದರೂ ಅವು ಜಪ್ಪಯ್ಯ ಅಂದಿರಲಿಲ್ಲ. ಹಾರ್ಮೋನಿನ ಕರೆಯನ್ನು ಒಳಗೆ ಮುಟ್ಟಿಸುವುದು ಆ ಜೀನೇ ಎಂಬ ಅವಳ ಊಹೆ ಸರಿಯಾಗಿತ್ತು!

ಅವಳು ಕಳಿಸಿದ ಫೋಟೋ ನೋಡಿದ ಗೈಡ್ ಕೂಡಲೇ ಫೋನ್ ಮಾಡಿದರು. “ಗ್ಯಾಸ್ ಅಳತೆ ಮಾಡಿ ಕೊಟ್ಟು ಇನ್ನೊಂದ್ಸಲ ನೋಡಮ್ಮ. ಕೆಲಸ ನಿಲ್ಲಿಸಬೇಡ.”

ಹೋದ ಜೀವ ಬಂದಂತಾಯಿತು. ಅವಳು ನೆಲದ ಮೇಲೇ ಕುಳಿತು ನಕ್ಕಳು, ಅತ್ತಳು.

ಅವನು ಬ್ಯಾಗ್ ಹೆಗಲಿಗೇರಿಸಿ ಬಾಗಿಲು ತಲುಪಿದ್ದ. “ತಪ್ಪಾಯ್ತು ಮೇಡಂ. ಇನ್ಮೇಲೆ ಬೇರೆಯವರನ್ನ ಕಳಿಸ್ತೀನಿ.”

“ಬೇರೆಯವರು ಬೇಡ!” ಅವಳು ದಡಬಡಿಸಿ ಎದ್ದಳು. “ಬಾಯಿಗೆ ಬಂದಂಗೆ ಬೈದುಬಿಟ್ಟೆ, ಸಾರಿ. ನಿಜ ಹೇಳ್ಲಾ?... ಚೆನ್ನಾಗಿರೋ ಕ್ಯಾಬಿನೆಟ್ಟಿಗೂ ನಾನು ಕಂಪ್ಲೇಂಟ್ ಕೊಡ್ತಿದ್ದೆ. ನೀವು ಬರ್ಲಿ ಅಂತ.”

ಅವನ ಮುಖ ಅರಳಿತು.

“ಗೊತ್ತಿತ್ತು ಕಣ್ರೀ. ಕೆಡದೇ ಇರೋದನ್ನ ಅಷ್ಟು ಹೊತ್ತು ರಿಪೇರಿ ಮಾಡೋದು ಎಷ್ಟು ಕಷ್ಟ ಗೊತ್ತಾ?”