ಕೋಲ್ಡ್ ರೂಮಿನಲ್ಲಿ ಮತಪೆಟ್ಟಿಗೆ

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಠಾಣೆಗೆ ಬಂದ ದೂರು ಇಷ್ಟೇ: ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳ ಕಾರ್ಮಿಕ ಸಂಘದ ಚುನಾವಣೆ ಬುಧವಾರ ಮುಗಿದಿದೆ, ಎಣಿಕೆಗೆ ಮೊದಲೇ ಮತಪೆಟ್ಟಿಗೆ ಕಾಣೆಯಾಗಿದೆ. ದೂರು ಕೊಟ್ಟವನು ಚುನಾವಣಾಧಿಕಾರಿ, ಗಣಿತದ ಸಂಶೋಧಕ. ಅವನ ಹಿಂದೆಯೇ ಎರಡೂ ಬಣದವರು ನುಗ್ಗಿದರು.

"ಇವರೇ ಕದ್ದಿರೋದು ಸಾರ್. ಸೋಲ್ತೀವಿ ಅಂತ ಗೊತ್ತಾಗಿದೆ," ಎಂದ, ಗೆದ್ದರೆ ಮುಷ್ಕರ ಹೂಡುತ್ತೇವೆ ಎನ್ನುತ್ತಿದ್ದ ಮುಷ್ಕರ ಬಣದ ಗಡ್ಡದವನು.

"ಕದ್ದು ಇಲ್ಲಿ ಬಂದು ಕೂಗಾಡ್ತಿದಾನೆ ನೋಡಿ," ಎಂದಳು ಮಾತುಕತೆ ಬಣದ ಕನ್ನಡಕದವಳು.

ಇನ್‌ಸ್ಪೆಕ್ಟರ್‌ಗೆ ತಲೆ ಚಿಟ್ಟು ಹಿಡಿಯಿತು. ಎಫ್‌ಐಆರ್ ದಾಖಲಿಸಿ ಹೊರಟರು.

ಸಂಘದ ಕೋಣೆಯ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಚುನಾವಣಾಧಿಕಾರಿಗೊಂದು, ಬಣಕ್ಕೊಂದು, ಹೀಗೆ ಮೂರು ಕೀಲಿಕೈ. ಮುಷ್ಕರ ಬಣದ್ದು ಅಕ್ಕನ ಹತ್ತಿರವಿತ್ತು. ಜೀವಶಾಸ್ತ್ರದಲ್ಲಿ ಆರನೇ ವರ್ಷ ತಳ್ಳುತ್ತಿದ್ದ ಆಕೆ ಎಲ್ಲರಿಗಿಂತ ಹಿರಿಯಳು, ಹಾಗಾಗಿ ಎದುರು ಬಣಕ್ಕೂ ಅಕ್ಕ.

"ಕೀಲಿಕೈ ಯಾರಿಗಾದ್ರೂ ಕೊಟ್ಟಿದ್ರಾ?"

"ಇಲ್ಲ."

"ಯಾರ ಮೇಲೆ ಅನುಮಾನ?"

"ಯಾರ ಮೇಲೂ ಇಲ್ಲ."

ಆ ಸಂಘದಲ್ಲಿ ಯಾರ ಮೇಲೂ ಅನುಮಾನವಿಲ್ಲದವಳು ಅವಳೊಬ್ಬಳೇ. ಇನ್‌ಸ್ಪೆಕ್ಟರ್ ಅದನ್ನು ಒಳ್ಳೆತನ ಎಂದುಕೊಂಡರು.

ಶುಕ್ರವಾರವಿಡೀ ಹೇಳಿಕೆಗಳಲ್ಲೇ ಹಾಳಾಯಿತು. ಪ್ರತಿಯೊಬ್ಬರೂ ತಮ್ಮ ಹೇಳಿಕೆಯನ್ನು ಓದಿ ತಿದ್ದಿದರು. ಒಬ್ಬನಂತೂ ಅಡಿಟಿಪ್ಪಣಿ ಸೇರಿಸಬೇಕೆಂದು ಹಟ ಹಿಡಿದ. ಬರೆದೂ ಬರೆದೂ ಮಹಿಳಾ ಕಾನ್‌ಸ್ಟೇಬಲ್‌ಗೆ ಕೈ ಸೋತಿತು.

"ಗೇಟಲ್ಲಿ ಪ್ರತಿ ಬ್ಯಾಗೂ ನೋಡ್ತಾರೆ ಸಾರ್," ಎಂದಳು ಆಕೆ. "ಪೆಟ್ಟಿಗೆ ಒಳಗೇ ಇದೆ. ಇವರ ಜಗಳ ಕೇಳೋದು ಬಿಟ್ಟು ಹುಡುಕೋಣ."

ಶನಿವಾರ ಒಂದೊಂದೇ ಕಟ್ಟಡ ಜಾಲಾಡಿದರು. ಜೀವಶಾಸ್ತ್ರ ವಿಭಾಗದಲ್ಲಿ ಮಾದರಿಗಳನ್ನು ತಣ್ಣಗಿಡುವ ಕೋಲ್ಡ್ ರೂಮಿನ ಬಾಗಿಲಲ್ಲಿ ಒಂದು ಸೂಚನೆ ಇತ್ತು: ಹೆಸರು, ತಾರೀಖು ಇಲ್ಲದ್ದನ್ನು ಶನಿವಾರ ಸಂಜೆ ಎಸೆಯಲಾಗುವುದು. ಒಳಗೆ ಕೆಳಗಿನ ಹಲಗೆಯ ಮೇಲೆ, ತೇವ ತಗಲದಂತೆ ಪ್ಲಾಸ್ಟಿಕ್ಕಿನಲ್ಲಿ ಜೋಪಾನವಾಗಿ ಸುತ್ತಿದ ಮತಪೆಟ್ಟಿಗೆ. ಮೇಲೆ ಅಂಟಿಸಿದ ಬಿಳಿ ಟೇಪಿನಲ್ಲಿ ಬುಧವಾರದ ತಾರೀಖು, ಅದರ ಕೆಳಗೆ: ‘ಅಕ್ಕ. ಎಸೆಯಬೇಡಿ.’

ಕಳವು ಮಾಡಿ ಹೆಸರು ಬರೆದಿಟ್ಟವರನ್ನು ಇನ್‌ಸ್ಪೆಕ್ಟರ್ ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ನಗು ಬರಲಿಲ್ಲ, ಸಿಟ್ಟು ಬಂತು.

ಅಕ್ಕ ಪಕ್ಕದ ಲ್ಯಾಬಿನಲ್ಲೇ ಇದ್ದಳು. ಕೈಗವಸು ಬಿಚ್ಚಿ, ಎರಡೇ ಮಾತಿಗೆ ಒಪ್ಪಿಕೊಂಡಳು.

"ಹೆಸರು ಯಾಕಮ್ಮ ಬರೆದ್ರಿ?"

"ಬರೀದಿದ್ರೆ ಇವತ್ತು ಎಸೀತಿದ್ರು. ಎಲ್ಲರ ವೋಟೂ ಅದರಲ್ಲಿದೆ. ನಂದೂ ಇದೆ, ಮುಷ್ಕರಕ್ಕೇ ಹಾಕಿದೀನಿ."

"ಮತ್ತೆ ಕದ್ದಿದ್ದು?"

"ನಾವು ಗೆದ್ರೆ ಮಾರನೇ ದಿನದಿಂದ ಮುಷ್ಕರ, ಲ್ಯಾಬಿಗೆ ಕಾಲಿಡಂಗಿಲ್ಲ. ಈ ಜೀವಕೋಶಗಳಿಗೆ ದಿನ ಬಿಟ್ಟು ದಿನ ಆಹಾರ ಹಾಕ್ಬೇಕು, ಇಲ್ಲಾಂದ್ರೆ ಸಾಯ್ತವೆ. ನಾಲ್ಕು ವರ್ಷದ ಕೆಲಸ. ಇನ್ನು ಹತ್ತು ದಿನ ಸಿಕ್ಕಿದ್ರೆ ಮುಗೀತಿತ್ತು."

"ನಿಮ್ಮವರನ್ನ ಕೇಳಬಹುದಿತ್ತಲ್ಲ?"

"ಕೇಳ್ದೆ. ಒಬ್ಬರಿಗೆ ಬಿಟ್ರೆ ಎಲ್ಲರಿಗೂ ಬಿಡ್ಬೇಕು, ಯಾರಿಗೂ ವಿನಾಯಿತಿ ಇಲ್ಲ ಅಂದ್ರು." ಆಕೆ ಟೇಬಲ್ ಒರೆಸುತ್ತಲೇ ಇದ್ದಳು. "ಆ ನಿಯಮ ಬರೆದವಳೂ ನಾನೇ ಸಾರ್."

ಮಧ್ಯಾಹ್ನ ಎರಡೂವರೆಗೆ ದಸ್ತಗಿರಿಯಾಯಿತು. ಜೀಪು ಹತ್ತುವ ಮೊದಲು ಆಕೆ ಗಡ್ಡದವನ ಕಡೆ ತಿರುಗಿ, "ನಾಳೆ ಅವಕ್ಕೆ ಆಹಾರ ಹಾಕೋ ದಿನ ಕಣೋ," ಎಂದಳು.

ಭಾನುವಾರ ಬೆಳಿಗ್ಗೆ ಪೊಲೀಸರ ಎದುರಿಗೇ ಎಣಿಕೆಯಾಗಿ ಮುಷ್ಕರ ಬಣ ಗೆದ್ದಿತು. ನಾಳೆಯವರೆಗೆ ಕಾಯುವುದು ಬೇಡ, ಮುಷ್ಕರ ಇವತ್ತಿನಿಂದಲೇ ಎಂದರು. ಜೀವಶಾಸ್ತ್ರ ಕಟ್ಟಡದ ಬಾಗಿಲಿಗೆ ಗಡ್ಡದವನೇ ಕಾವಲು ಕೂತ. ಅಂದು ಒಳಗೆ ಯಾರೂ ಹೋಗಲಿಲ್ಲ.