ಕುಲಸುಮಬಿಯ ಫೈಲು ತೆರೆದವರು

೧೯೮೯ರ ಫೆಬ್ರುವರಿ ೧೩, ಸೋಮವಾರ. ಬೆಳಿಗ್ಗೆ ಹಾನಗಲ್ ಠಾಣೆಗೆ ಬಂದ ದ್ಯಾಮಪ್ಪನ ಕೈಯಲ್ಲಿ ಒಂದು ಪೋಸ್ಟ್ ಕಾರ್ಡಿತ್ತು.

"ಸಾಹೇಬ್ರ, ಇದನ್ನ ಬರದಾವ ನನ್ನ ಮಗಳನ್ನ ಕೊಂದಾನ್ರಿ."

ಮಗಳು ಮಾದೇವಿಗೆ ಗೊತ್ತು ಮಾಡಿದ್ದ ಹುಡುಗನ ಮನೆಗೆ ಬಂದ ಕಾರ್ಡು ಅದು. 'ಹುಡುಗಿಗೆ ದೊಡ್ಡರೋಗವಿದೆ, ಆಸ್ಪತ್ರೆಯಲ್ಲಿ ಕೇಳಿರಿ.' ಎಡಗೈಯಲ್ಲಿ ಗೀಚಿದಂಥ ಅಕ್ಷರ, ಕೆಳಗೆ ಹೆಸರಿಲ್ಲ. ಕುಷ್ಠ ವಾಸಿಯಾಗಿ ಎರಡು ವರ್ಷವಾಗಿತ್ತು. ಆದರೂ ಮದುವೆ ಮುರಿಯಿತು. ಮಾದೇವಿ ಹತ್ತಿಗೆ ಹೊಡೆಯುವ ಎಣ್ಣೆ ಕುಡಿದಳು.

ಸಬ್ ಇನ್ಸ್‌ಪೆಕ್ಟರ್ ಉಡಚಪ್ಪ ಪಂಚರೆದುರು ಕಾರ್ಡನ್ನು ಜಪ್ತಿ ಮಾಡಿದ. ಆತ್ಮಹತ್ಯೆಗೆ ಪ್ರಚೋದನೆಯೆಂದು ಎಫ್‌ಐಆರ್ ದಾಖಲಾಯಿತು.

"ರೋಗದ ಸುದ್ದಿ ಯಾರಿಗೆ ಗೊತ್ತಿತ್ತು?"

"ನನಗ, ಆಕಿ ಅವ್ವಗ, ದವಾಖಾನಿಯವರಿಗೆ. ಮತ್ತ್ಯಾರಿಗೂ ಇಲ್ರಿ."

ಊರಾಚೆಯ ಆ ಕುಷ್ಠರೋಗದ ಧರ್ಮಾಸ್ಪತ್ರೆಗೆ ಹಿಂದಿನ ವರ್ಷ ವಿದೇಶಿ ದಾನಿಗಳು ಕಂಪ್ಯೂಟರ್ ಕೊಟ್ಟಿದ್ದರು. ಹಳೆಯ, ಹೊಸ ಪ್ರತಿ ರೋಗಿಗೂ ಅದರಲ್ಲೊಂದು ಫೈಲು. ತೆರೆಯಬಲ್ಲವರು ಮೂವರೇ: ಡಾಕ್ಟರು, ಮ್ಯಾನೇಜರು, ದಾಖಲೆ ಕೋಣೆಯ ವಿಮಲಾಬಾಯಿ. ಮೂವರೂ ತಮಗೇನೂ ಗೊತ್ತಿಲ್ಲವೆಂದರು.

ಯಂತ್ರ ನೋಡಿಕೊಳ್ಳುವ ಎಂಜಿನಿಯರ್ ವಿಠ್ಠಲನನ್ನು ಉಡಚಪ್ಪ ಹುಬ್ಬಳ್ಳಿಯಿಂದ ಕರೆಸಿದ.

"ಯಾರು ನೋಡಿದ್ರು ಅಂತ ಮಷೀನು ಹೇಳೂದಿಲ್ಲೇನು?"

"ಈಗ ಹೇಳೂದಿಲ್ರಿ. ಆದ್ರ ಯಾವ ಫೈಲು ತಗೀಬೇಕಂದ್ರೂ ಕರ್ನೆಲ್‌ನ ಕೇಳಬೇಕು. ಇಡೀ ಮಷೀನು ನಡಸೋ ಮೂಲ ಪ್ರೋಗ್ರಾಮ್ ಅದು. ಅದರೊಳಗನ ನಾಕು ಸಾಲು ಸೇರಸ್ತೇನಿ. ಯಾರ ಹೆಸರಿನ್ಯಾಗ, ಯಾವ ಕೋಣಿ ಟರ್ಮಿನಲ್ಲಿನಿಂದ, ಎಷ್ಟೊತ್ತಿಗೆ, ಎಲ್ಲಾ ಬರಕೋತದ."

"ತಡೀತೈತೇನು?"

"ಇಲ್ರಿ. ಬರಕೊಳ್ಳೋದಷ್ಟ. ನಾ ಶನಿವಾರಕ್ಕೊಮ್ಮೆ ಬಂದು ಓದ್ತೇನಿ."

ಉಡಚಪ್ಪ ಒಪ್ಪಿದ. ವಿಷಯ ಡಾಕ್ಟರರನ್ನು ಬಿಟ್ಟು ಯಾರಿಗೂ ತಿಳಿಯಲಿಲ್ಲ. ಉಳಿದವರಿಗೆ ಅದು ರಿಪೇರಿ. ಅಂಥ ಕಾರ್ಡು ಕಂಡರೆ ತಿಳಿಸಲು ಹಾನಗಲ್ ಅಂಚೆ ಕಚೇರಿಗೂ ಹೇಳಿಟ್ಟ.

ಮಾರ್ಚ್ ೧೧, ಶನಿವಾರ. ವಿಠ್ಠಲ ಪ್ರಿಂಟಿನ ಒಂದು ಸಾಲಿನ ಮೇಲೆ ಬೆರಳಿಟ್ಟ. ಸೋಮವಾರ ಹನ್ನೊಂದೂ ಇಪ್ಪತ್ತಕ್ಕೆ ಸವಣೂರಿನ ಕುಲಸುಮಬಿಯ ಫೈಲು ಡಾಕ್ಟರರ ಹೆಸರಿನಲ್ಲಿ ತೆರೆದಿತ್ತು. ಆ ಹೊತ್ತಿಗೆ ಡಾಕ್ಟರು ಆಪರೇಷನ್ ಮಾಡುತ್ತಿದ್ದರೆಂದು ನರ್ಸ್ ಹೇಳಿದಳು. ಟರ್ಮಿನಲ್ಲು ದಾಖಲೆ ಕೋಣೆಯದು. ಅದರ ಮುಂದೆ ಕೂರುತ್ತಿದ್ದವಳು ವಿಮಲಾಬಾಯಿ ಒಬ್ಬಳೇ.

ಉಡಚಪ್ಪ ಮೊದಲು ಜೀಪನ್ನು ಸವಣೂರಿಗೆ ಓಡಿಸಿದ. ಕುಲಸುಮಬಿಯ ತಾಯಿ ಬಾಗಿಲಲ್ಲೇ ಕೂತಿದ್ದಳು.

"ಗುರುವಾರ ಗಂಡಿನವರಿಗೆ ಕಾರ್ಡು ಬಂತ್ರಿ. ನಿಕಾ ಬ್ಯಾಡಂದ್ರು."

ಅವಳು ತೋರಿಸಿದ ಕಾರ್ಡಿನ ಮೇಲೆ ಹಾನಗಲ್ಲಿನದಲ್ಲ, ಶಿಗ್ಗಾಂವದ ಅಂಚೆ ಮುದ್ರೆಯಿತ್ತು. ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ ಹುಡುಗಿ ಮಷೀನು ಬರೆದುಕೊಂಡದ್ದನ್ನು ಉಡಚಪ್ಪ ತಾಯಿಗೆ ಹೇಳಿದ್ದೆಲ್ಲ ಕೇಳಿಸಿಕೊಂಡು, ತಿರುಗದೆಯೇ ಕೇಳಿದಳು:

"ಹಂಗಾರ ನೀವು ಯಾರು ತಗೀತಾರ ಅಂತ ಕಾಯಾಕತ್ತಿದ್ರೇನ್ರಿ?"

ವಿಠ್ಠಲನಿಗೆ ದಿನಾ ಬಾ ಎಂದಿದ್ದರೆ ಸೋಮವಾರ ಸಂಜೆಯೇ ಗೊತ್ತಾಗುತ್ತಿತ್ತು. ಉಡಚಪ್ಪ ಹೇಳಿರಲಿಲ್ಲ.

ಸಂಜೆ ನಾಲ್ಕಕ್ಕೆ ವಿಮಲಾಬಾಯಿಯನ್ನು ಶಿಗ್ಗಾಂವದ ಅವಳ ಮನೆಯಲ್ಲಿ ಬಂಧಿಸಿದ. ಖಾಲಿ ಕಾರ್ಡುಗಳು ಸಿಕ್ಕವು, ಪಂಚನಾಮೆಯಾಯಿತು.

"ಡಾಕ್ಟರ ಪಾಸ್‌ವರ್ಡ್ ಹೆಂಗ ಸಿಕ್ತು?"

"ಅವರ ಹೇಳ್ಯಾರ. ಅವರಿಗೆ ಬಿಡುವಿಲ್ಲದಾಗ ನಾನ ಟೈಪ್ ಮಾಡ್ತೇನಿ."

"ಆ ಹುಡುಗ್ಯಾರು ನಿಮಗೇನು ಮಾಡಿದ್ರು?"

ವಿಮಲಾಬಾಯಿಗೆ ನಲವತ್ತೆರಡು. ಹತ್ತೊಂಬತ್ತರಲ್ಲಿ ಅವಳೂ ಇದೇ ಆಸ್ಪತ್ರೆಯ ರೋಗಿ. ಮದುವೆ ಹತ್ತಿರವಿದ್ದಾಗ ಮಾತ್ರೆ ಒಯ್ಯುವುದನ್ನು ತಪ್ಪಿಸಿದ್ದಳು. ಹುಡುಕಿಕೊಂಡು ಬಂದ ಆಸ್ಪತ್ರೆಯ ಜೀಪು ಅವಳ ಬಾಗಿಲಲ್ಲೇ ನಿಂತಿತು, ಮದುವೆ ಮುರಿಯಿತು. ರೋಗ ಹೋಯಿತು. ಆದರೆ ಕನ್ಯೆ ನೋಡಲು ಮತ್ತೆ ಯಾರೂ ಬರಲಿಲ್ಲ. ಕನಿಕರಪಟ್ಟು ಆಸ್ಪತ್ರೆಯವರೇ ಕೆಲಸ ಕೊಟ್ಟರು.

"ನನ್ನದು ಓಣಿ ತುಂಬ ಸಾರಿದ್ರು," ಎಂದಳು. "ಇವರದು ಮಷೀನಿನ್ಯಾಗ ಬಚ್ಚಿಟ್ರು. ಬಚ್ಚಿಡೋ ಕೆಲಸಕ್ಕ ನನ್ನನ್ನ ಕೂಡಿಸಿದ್ರು."

ಫೈಲು ಓದುವುದು ಯಾವ ಕಲಮಿನಡಿ ಅಪರಾಧವೆಂದು ಸರ್ಕಾರಿ ವಕೀಲರು ಕೇಳಿದರು. ಆ ಪ್ರಿಂಟನ್ನು ಕೋರ್ಟು ನಂಬುವುದೂ ಕಷ್ಟವೆಂದರು. ಉಡಚಪ್ಪ ಆದರೂ ಚಾರ್ಜ್‌ಶೀಟ್ ಹಾಕಿದ.

ಬಂಧನದ ಸುದ್ದಿ ಹಬ್ಬಿದ ಮೇಲೆ, ತಮ್ಮ ಹೆಸರನ್ನೂ ಯಾರಾದರೂ ಓದಬಹುದೆಂದು ಊರೂರಿನ ರೋಗಿಗಳಿಗೆ ತಿಳಿಯಿತು. ಮಾತ್ರೆ ಹಂಚುವ ದಿನ ಆಸ್ಪತ್ರೆಯ ಬೆಂಚುಗಳು ಖಾಲಿ ಇದ್ದವು. ಡಾಕ್ಟರು ಮಧ್ಯಾಹ್ನದವರೆಗೂ ಕಾದರು. ರೋಗಿಗಳ ಮನೆಗೆ ಜೀಪು ಕಳಿಸುವ ಧೈರ್ಯ ಅವರಿಗಾಗಲಿಲ್ಲ.